ಗಂಟೆ ಮುಗಿದವರ ಮೀನೂಟ

ನನ್ನ ಲಾರಿಗೆ ಹಾಸಿಗೆಯಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆ ಶುಕ್ರವಾರ ಆದದ್ದೆಲ್ಲ ಅದರಿಂದಲೇ ಆಯಿತು. ದೂರದ ಊರುಗಳಿಗೆ ಹೋಗುವ ಲಾರಿಗಳಲ್ಲಿ ಸೀಟಿನ ಹಿಂದೆ ಪುಟ್ಟ ಕೋಣೆಯಿರುತ್ತದೆ. ಮಂಚ, ಪರದೆ, ಕೆಲವರಿಗೆ ಟಿ.ವಿ. ಕೂಡ. ನಮ್ಮ ಆರ್ವಿಲ್ ಹೌಗೆನ್ ಕಂಪನಿಯ ಏಳು ಲಾರಿಗಳಲ್ಲಿ ಸೀಟಿನ ಹಿಂದೆ ಗಾಜು, ಗಾಜಿನ ಹಿಂದೆ ಟ್ರೇಲರು, ಅಷ್ಟೇ. ಕತ್ತಲಿರುವಾಗ ಹೊರಟು ಸಂಜೆಗೆ ಮನೆ ಸೇರುವ ಗಾಡಿಗಳು. ಸೇರಲಾಗದಿದ್ದರೆ ಗೇರಿನ ಕೋಲನ್ನು ತಬ್ಬಿಕೊಂಡು ಕುಳಿತಲ್ಲೇ ತೂಕಡಿಸಬೇಕು.

ಸೇರಲಾಗದಿರುವುದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ, ಗಂಟೆ ಮುಗಿಯುವುದು. ಕೆಲಸಕ್ಕೆ ಬಂದ ಕ್ಷಣದಿಂದ ಹದಿನಾಲ್ಕು ಗಂಟೆ. ಅಷ್ಟರಲ್ಲಿ ನೀವು ಓಡಿಸಿದ್ದು ಎಷ್ಟೇ ಕಡಿಮೆ ಇರಲಿ, ಸರಕು ಇಳಿಸುವವರ ಮರ್ಜಿ ಕಾಯುತ್ತ ಅರ್ಧ ದಿನ ನಿಂತಿರಲಿ, ಆಮೇಲೆ ಲಾರಿಯ ಚಕ್ರ ಉರುಳಿಸುವಂತಿಲ್ಲ. ಹತ್ತು ಗಂಟೆ ಬಿಡುವು ತೆಗೆದುಕೊಂಡ ಮೇಲೇ ಮತ್ತೆ ಕೀಲಿಕೈ. ಇದನ್ನೆಲ್ಲ ಲೆಕ್ಕವಿಡಲು ಸ್ಟೀರಿಂಗಿನ ಪಕ್ಕದಲ್ಲಿ ಒಂದು ಯಂತ್ರವಿದೆ. ಅದು ನನ್ನ ಅತ್ತಿಗೆಯ ಹಾಗೆ. ಏನೂ ಅನ್ನುವುದಿಲ್ಲ, ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ.

ನಾನು ಆ ಯಂತ್ರಕ್ಕೆ ಹೆದರುವಷ್ಟು ನಮ್ಮಲ್ಲಿ ಬೇರೆ ಯಾರೂ ಹೆದರುವುದಿಲ್ಲ. ಉಳಿದ ಡ್ರೈವರುಗಳು ನನ್ನನ್ನು ವರ್ಲಿನ್ ಝಾಸ್ಟ್ರೋ ಎಂಬ ನನ್ನ ಹೆಸರಿನಿಂದ ಕರೆಯುವುದನ್ನು ಬಿಟ್ಟು ಗಡಿಯಾರ ಎನ್ನತೊಡಗಿ ಬಹಳ ಕಾಲವಾಯಿತು. ಕಳೆದ ಚಳಿಗಾಲದಲ್ಲಿ ತಾಂತ್ರಿಕ ಕಾಲೇಜಿನ ಸಂಜೆ ತರಗತಿಗೆ ಹೋಗಿ ಸಾರಿಗೆ ನಿಯಮಗಳನ್ನು ಓದಿದೆ. ಪಾಸೂ ಆದೆ. ಬೇರೆ ಯಾರದೋ ಉತ್ತರ ಪತ್ರಿಕೆಗೆ ನನ್ನ ಹೆಸರು ಅಂಟಿರಬೇಕೆಂಬ ಅನುಮಾನ ನನಗೆ ಇನ್ನೂ ಹೋಗಿಲ್ಲ.

ಆ ಶುಕ್ರವಾರ ಮಾತ್ರ ಗಂಟೆ ಮುಗಿಯಬಾರದಿತ್ತು.

ನಮ್ಮ ಆಫೀಸಿನಲ್ಲಿ ಯಾವ ಲಾರಿ ಎಲ್ಲಿಗೆ ಎಂದು ನಿರ್ಧರಿಸಿ ಕಳಿಸುವವಳು ಅರ್ಡಿಸ್ ಟ್ವೆಟನ್. ಮೊದಲು ಅವಳೂ ಲಾರಿ ಓಡಿಸುತ್ತಿದ್ದಳು. ಮಂಡಿಯ ಶಸ್ತ್ರಚಿಕಿತ್ಸೆಯ ಮೇಲೆ ವಸಂತದಲ್ಲಿ ನಮ್ಮಲ್ಲಿಗೆ ಬಂದು ಮೇಜು ಹಿಡಿದಳು. ನಾವು ಡ್ರೈವರುಗಳು ಕಾಗದ ಕೊಡುವುದು, ಕೀಲಿಕೈ ಪಡೆಯುವುದು ಎಲ್ಲ ಒಂದು ಗಾಜಿನ ಕಿಟಕಿಯ ಮೂಲಕ. ಹಾಗಾಗಿ ಮೂರು ತಿಂಗಳಲ್ಲಿ ನಾನು ಅವಳನ್ನು ನೋಡಿದ್ದು ಭುಜದಿಂದ ಮೇಲಕ್ಕೆ ಮಾತ್ರ. ಫೋನಿನಲ್ಲಿ ದಿನಕ್ಕೆ ನಾಲ್ಕೈದು ಸಲ ಮಾತು. ನಮ್ಮ ಮಾತೆಲ್ಲ ಮಂಜು, ಲಾರಿ ತೂಗುವ ಕಟ್ಟೆ, ಹಿಂದಿನ ಟೈರು ಇವುಗಳ ಬಗ್ಗೆಯೇ. ಆದರೂ ಅವಳು ಟೈರಿನ ಬಗ್ಗೆ ಕೇಳುವ ರೀತಿಯಲ್ಲಿ ನನ್ನ ಬಗ್ಗೆಯೂ ಕೇಳಿದಂತೆ ಇರುತ್ತಿತ್ತು. ಇದು ನನ್ನ ಕಲ್ಪನೆಯೂ ಇರಬಹುದು.

ಎರಡು ವಾರ ಲಾರಿಯೊಳಗೆ ಒಬ್ಬನೇ ಅಭ್ಯಾಸ ಮಾಡಿ, ಮಂಗಳವಾರ ಕಿಟಕಿಯ ಮುಂದೆ ನಿಂತು, ಶುಕ್ರವಾರ ಮೀನೂಟಕ್ಕೆ ಬರುತ್ತೀರಾ ಎಂದು ಕೇಳಿಬಿಟ್ಟೆ. ವಿಸ್ಕಾನ್ಸಿನ್ನಿನ ನಮ್ಮ ಭಾಗದಲ್ಲಿ ಶುಕ್ರವಾರ ಸಂಜೆ ಕರಿದ ಮೀನು ತಿನ್ನದವರು ಒಂದೋ ಆಸ್ಪತ್ರೆಯಲ್ಲಿರುತ್ತಾರೆ, ಇಲ್ಲವೇ ಜೈಲಿನಲ್ಲಿ. ಅವಳು ಬರುತ್ತೇನೆಂದಳು. ಆಮೇಲೆ, ಮುಂದಿನ ಸೋಮವಾರದಿಂದ ತನಗೆ ರಾತ್ರಿ ಪಾಳಿ, ಹಾಗಾಗಿ ಈ ಶುಕ್ರವಾರವೇ ಆಗಬೇಕು ಎಂದೂ ಸೇರಿಸಿದಳು. ನಾನು ಹಗಲಿನವನು. ಅವಳು ರಾತ್ರಿಯವಳಾದರೆ ಕೀಲಿಕೈ ಕೊಡುವ ಒಂದು ಗಳಿಗೆ ಗಾಜಿನಲ್ಲಿ ಕಂಡಾಳು, ಹಗಲಿನ ಫೋನೂ ಇಲ್ಲ, ಸಂಜೆಯ ಊಟವೂ ಇಲ್ಲ. ಕೆರೆ ದಂಡೆಯ ಹೋಟೆಲಿನಲ್ಲಿ ಏಳೂವರೆಗೆ ಇಬ್ಬರಿಗೊಂದು ಮೇಜು ಹೇಳಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್ ಮಾಡಿ, ಹೇಳಿದ್ದು ನಿಜವಾಗಿಯೂ ಬರೆದುಕೊಂಡಿದ್ದಾರೆಯೇ ಎಂದು ವಿಚಾರಿಸಿದೆ. ಏಳೂ ಮುಕ್ಕಾಲಾದರೆ ಮೇಜು ಬೇರೆಯವರಿಗೆ ಎಂದರು. ನಾನು ಯಾವತ್ತಾದರೂ ತಡ ಮಾಡಿದ್ದುಂಟೇ ಎಂದುಕೊಂಡೆ.

ಶುಕ್ರವಾರ ಇನ್ನೂ ಕೋಳಿ ಕೂಗುವ ಮೊದಲೇ ಚೀಸ್ ತುಂಬಿಕೊಂಡು ಹೊರಟೆ. ಇಳಿಸುವ ಜಾಗದಲ್ಲಿ ಪೆಟ್ಟಿಗೆ ಎತ್ತುವ ಗಾಡಿಯೊಂದು ಕೆಟ್ಟು ಬಾಗಿಲಿಗೆ ಅಡ್ಡ ನಿಂತಿತ್ತು. ಅದನ್ನು ಸರಿಪಡಿಸುವವನು ಬೇರೆ ಊರಿನಿಂದ ಬರಬೇಕಿತ್ತು. ಬಂದವನು ಬೇರೆ ಗಾಡಿಯ ಭಾಗ ತಂದಿದ್ದ. ನಾನು ಕಾದೆ, ಟೈರು ನೋಡಿದೆ, ಮತ್ತೆ ಕಾದೆ. ಲಾರಿ ಖಾಲಿಯಾಗಿ ವಾಪಸು ಹೊರಡುವ ಹೊತ್ತಿಗೆ ಯಂತ್ರದಲ್ಲಿ ಉಳಿದ ಗಂಟೆಯನ್ನೂ ರಸ್ತೆಯಲ್ಲಿ ಉಳಿದ ಮೈಲಿಯನ್ನೂ ಎಷ್ಟು ರೀತಿಯಲ್ಲಿ ಕೂಡಿಸಿ ಕಳೆದರೂ ಲೆಕ್ಕ ಕೂಡಿಬರಲಿಲ್ಲ. ನಾಲ್ಕು ಗಂಟೆಗೆ ನನ್ನ ದಿನ ಮುಗಿಯುತ್ತಿತ್ತು. ಅಲ್ಲಿಂದ ನಮ್ಮ ಲಾರಿ ಅಂಗಳಕ್ಕೆ ಇನ್ನೂ ಐವತ್ತು ನಿಮಿಷದ ದಾರಿ. ನಾಲ್ಕಕ್ಕೆ ಇನ್ನೂ ಸ್ವಲ್ಪ ಇರುವಾಗಲೇ ಬರ್ನೀಸಳ ಹೋಟೆಲಿನ ಜಲ್ಲಿ ಹಾಸಿದ ಬಯಲಿಗೆ ಲಾರಿ ತಿರುಗಿಸಿ ನಿಲ್ಲಿಸಿದೆ. ನಿಲ್ಲಿಸಿದ್ದು 'ರಾತ್ರಿ ಲಾರಿ ನಿಲ್ಲಿಸುವಂತಿಲ್ಲ' ಎಂಬ ಫಲಕದ ಕೆಳಗೆ.

ಬರ್ನೀಸ್ ಎಪ್ಪತ್ತರ ಹೆಂಗಸು. ಆ ಫಲಕವನ್ನು ತಾನೇ ಬರೆದು ತಾನೇ ಮೊಳೆ ಹೊಡೆದವಳು. ಒಳಗೆ ಹೋಗಿ ನನ್ನ ಸ್ಥಿತಿ ವಿವರಿಸಿದೆ. ಅವಳು ಕಿಟಕಿಯಾಚೆ ಲಾರಿಯನ್ನು ನೋಡಿ, ನನ್ನನ್ನು ನೋಡಿ, ಕತ್ತಲಾಗುವುದರೊಳಗೆ ಇಬ್ಬರೂ ಇಲ್ಲಿರಬಾರದು ಎಂದಳು.

ಅರ್ಡಿಸ್‌ಗೆ ಫೋನ್ ಮಾಡಿದೆ. ಹಾಸಿಗೆಯಿಲ್ಲದ ಲಾರಿಯವನಿಗೆ ಗಂಟೆ ಮುಗಿದರೆ ಏನು ಮಾಡಬೇಕೆಂಬುದು ನಮ್ಮಲ್ಲಿ ಗೊತ್ತಿರುವ ಕ್ರಮವೇ. ಗಂಟೆ ಉಳಿದಿರುವ ಇನ್ನೊಬ್ಬ ಡ್ರೈವರು ಪಿಕಪ್ ಗಾಡಿಯಲ್ಲಿ ಬರುತ್ತಾನೆ. ಅವನು ಲಾರಿ ಒಯ್ಯುತ್ತಾನೆ, ಸಿಕ್ಕಿಕೊಂಡವನು ಪಿಕಪ್ ಒಯ್ಯುತ್ತಾನೆ. ಸಿಕ್ಕಿಕೊಂಡವನು ಬಿಡಿಸಲು ಬಂದವನಿಗೆ ಒಂದು ತುಂಡು ಹಣ್ಣಿನ ಪೈ ಕೊಡಿಸಬೇಕು. ಇದು ಯಾರೂ ಬರೆದಿಡದ ನಿಯಮ, ಆದರೆ ಬರೆದಿಟ್ಟ ನಿಯಮಗಳಿಗಿಂತ ಹೆಚ್ಚು ಪಾಲನೆಯಾಗುವಂಥದ್ದು. ಅರ್ಡಿಸ್ ಗಾಬರಿಯಾಗಲಿಲ್ಲ. ಕ್ಲೀಟಸ್ ಈಗಷ್ಟೇ ಒಳಗೆ ಬಂದ, ಅವನನ್ನು ಕಳಿಸುತ್ತೇನೆ, ಏಳೂವರೆಗೆ ಧಾರಾಳ ಸಮಯವಿದೆ ಎಂದಳು. ಏಳೂವರೆಯನ್ನು ಅವಳು ನೆನಪಿಟ್ಟುಕೊಂಡಿದ್ದಳು. ಫೋನಿಟ್ಟ ಮೇಲೆ ನಾನು ಬರ್ನೀಸಳ ಹತ್ತಿರ ರುಬಾರ್ಬ್ ಎಂಬ ಹುಳಿ ದಂಟಿನ ಪೈ ಒಂದು ತುಂಡು ತೆಗೆದಿರಿಸಲು ಹೇಳಿದೆ.

ಲಾರಿಯನ್ನು ಅಲ್ಲೇ ಬಿಟ್ಟು ನಾನು ಹೇಗಾದರೂ ಊರು ಸೇರಿಕೊಳ್ಳಬಹುದಿತ್ತಲ್ಲ ಎಂದು ಆಮೇಲೆ ಅನೇಕರು ಕೇಳಿದ್ದಾರೆ. ಸೇರಿ ಪ್ರಯೋಜನವಿರಲಿಲ್ಲ. ಕೊನೆಯ ಲಾರಿ ಅಂಗಳಕ್ಕೆ ಬರುವವರೆಗೆ ಮೇಜಿನಲ್ಲಿ ಕುಳಿತವರು ಏಳಕೂಡದು ಎಂಬುದು ನಮ್ಮ ಯಜಮಾನ ಆರ್ವಿಲ್ ಮಾಡಿಟ್ಟ ನಿಯಮ. ಆ ದಿನ ಕೊನೆಯ ಲಾರಿ ನನ್ನದೇ. ನನ್ನ ಲಾರಿ ಊರು ಸೇರದೆ ಅರ್ಡಿಸ್ ಕುರ್ಚಿ ಬಿಡುವಂತಿರಲಿಲ್ಲ. ಬೆಳಗಿನ ಜಾವಕ್ಕೆ ಅದೇ ಲಾರಿ ಮತ್ತೆ ಇನ್ನೊಬ್ಬನ ಕೈಯಲ್ಲಿ ಹೊರಡಬೇಕಿತ್ತು ಬೇರೆ.

ಕ್ಲೀಟಸ್ ಬರಬೇಕಾದ ಹೊತ್ತಿಗೆ ಬರಲಿಲ್ಲ. ಹೋಟೆಲಿಗೆ ಶುಕ್ರವಾರದ ಜನ ಸೇರತೊಡಗಿದರು. ಎಣ್ಣೆಯ ಬಾಣಲೆ ಸದ್ದು ಮಾಡತೊಡಗಿತು. ನಾನು ಎರಡು ಸಲ ಹೊರಗೆ ಹೋಗಿ ರಸ್ತೆ ನೋಡಿ ಬಂದೆ. ಮೂರನೆಯ ಸಲ ಎದ್ದಾಗ, ನೀನು ಬಾಗಿಲು ತೆಗೆದು ಮುಚ್ಚುವುದರಲ್ಲಿ ಅದರ ಕೀಲು ಸವೆಯುತ್ತಿದೆ ಎಂದು ಬರ್ನೀಸ್ ಬೈದಳು. ಐದು ದಾಟಿದ ಮೇಲೆ ಪಿಕಪ್ ಬಂತು. ಕ್ಲೀಟಸ್ ಕೆಳಗಿಳಿದ. ದಪ್ಪ ಮನುಷ್ಯ, ಯಾವಾಗಲೂ ಈಗಷ್ಟೇ ನಿದ್ದೆ ಮುಗಿಸಿದವನಂತೆ ಮುಖ. ಕೈಯಲ್ಲಿ ಹಸಿ ಚೀಸ್ ತುಂಡುಗಳ ಪೊಟ್ಟಣ. ದಾರಿಯಲ್ಲಿ ಕಾರ್ಖಾನೆಯ ಅಂಗಡಿಯಲ್ಲಿ ನಿಲ್ಲಿಸಿದ್ದನಂತೆ, ಅಲ್ಲಿ ಹಳೆಯ ಗೆಳೆಯ ಸಿಕ್ಕಿದನಂತೆ.

"ಎಲ್ಲಪ್ಪಾ ಗಡಿಯಾರ, ನನ್ನ ಪೈ?" ಎಂದ.

ಪೈ ಮೇಜಿನ ಮೇಲಿತ್ತು. ಅವನು ಕುಳಿತು ಮೊದಲ ತುತ್ತು ಬಾಯಿಗಿಟ್ಟ ಮೇಲೆ, ಸುಮ್ಮನೆ ಖಚಿತಪಡಿಸಿಕೊಳ್ಳಲು, ನಿನಗೆಷ್ಟು ಗಂಟೆ ಉಳಿದಿದೆ ಎಂದು ಕೇಳಿದೆ.

"ಬೇಕಾದಷ್ಟಿದೆ ಮಾರಾಯ. ಇವತ್ತು ಓಡ್ಸಿರೋದೇ ಐದು ಗಂಟೆ. ಬ್ಯಾಂಕಲ್ಲಿ ಇಟ್ಟಂಗೆ ಹಾಗೇ ಇದೆ."

"ಓಡಿಸಿದ್ದಲ್ಲ. ಕೆಲಸಕ್ಕೆ ಬಂದಿದ್ದು ಎಷ್ಟೊತ್ತಿಗೆ?"

ಅವನು ಪೈಯನ್ನು ನೋಡಿದ. ಎರಡನೆಯ ತುತ್ತು ತಿಂದ. ನಿಧಾನವಾಗಿ ಜಗಿದ.

"ಮೂರೂವರೆಗೆ," ಎಂದ.

ನಾನು ಗೋಡೆಯ ಮೇಲಿನ ಗಡಿಯಾರ ನೋಡಿದೆ. ಅವನ ಹದಿನಾಲ್ಕು ಗಂಟೆ ಮುಗಿಯಲು ಹತ್ತು ನಿಮಿಷವಿತ್ತು. ಐವತ್ತು ನಿಮಿಷದ ದಾರಿ. ಅವನು ಅಂಗಡಿಯಲ್ಲಿ ನಿಲ್ಲದೆ ನೇರವಾಗಿ ಬಂದಿದ್ದರೂ ಸಾಕಾಗುತ್ತಿರಲಿಲ್ಲವೇನೋ. ಆದರೆ ಬರುವ ಮೊದಲೇ ಯಂತ್ರವನ್ನು ಒಂದು ಸಲ ನೋಡಿದ್ದರೆ ಬೇರೆ ಯಾರನ್ನಾದರೂ ಹುಡುಕಬಹುದಿತ್ತು. ಅರ್ಡಿಸ್ ಕೇಳಿದಾಗ ಗಂಟೆ ಬೇಕಾದಷ್ಟಿದೆ ಎಂದು ಇವನು ಇದೇ ಧೈರ್ಯದಿಂದ ಹೇಳಿದ್ದನಂತೆ. ನನ್ನ ಮುಖವೇ ಎಲ್ಲ ಹೇಳಿರಬೇಕು. ಕ್ಲೀಟಸ್ ಸಮಾಧಾನಕ್ಕೆಂದು ಚೀಸಿನ ಪೊಟ್ಟಣ ನನ್ನ ಕಡೆ ತಳ್ಳಿದ. ಅವನಿಗೇನೂ ಅಂಥ ದುಃಖವಾದಂತೆ ಕಾಣಲಿಲ್ಲ. ಕಾರಣ ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ಮನೆಗೆ ಅವನ ಅತ್ತೆ ಬಂದಿದ್ದಳು. ಆಕೆ ನೂಡಲ್ಸು, ಬಟಾಣಿ, ಡಬ್ಬದ ಮೀನು ಎಲ್ಲ ಕಲಸಿ ಒಲೆಯಲ್ಲಿಟ್ಟು ಮೂರು ದಿನಕ್ಕಾಗುವಷ್ಟು ಅಡುಗೆ ಮಾಡುತ್ತಾಳೆ. ಇಂದು ಮೂರನೆಯ ದಿನ. ಅವನು ಎದ್ದು ಹೋಗಿ ಬರ್ನೀಸಳ ಫೋನಿನಿಂದಲೇ ಹೆಂಡತಿಗೆ, ಕಾನೂನು ಬಿಡುತ್ತಿಲ್ಲ ಎಂದು ತಿಳಿಸಿದ. ಪಿಕಪ್ಪಿಗೆ ಆ ಕಾನೂನು ಇಲ್ಲವೆಂಬುದನ್ನು ತಿಳಿಸಲಿಲ್ಲ. ಮರಳಿ ಬಂದು ಒಂದು ತಟ್ಟೆ ಮೀನು ಹೇಳಿದ.

ಅರ್ಡಿಸ್‌ಗೆ ಎರಡನೆಯ ಸಲ ಫೋನ್ ಮಾಡಿದೆ. ಉಳಿದ ಡ್ರೈವರುಗಳ ಹೆಸರನ್ನು ಅವಳು ಒಂದೊಂದಾಗಿ ಹೇಳುತ್ತಾ ಹೋದಳು. ಇಬ್ಬರ ಗಂಟೆ ಮುಗಿದಿತ್ತು, ಒಬ್ಬ ದೋಣಿ ತೆಗೆದುಕೊಂಡು ಕೆರೆಯ ಮಧ್ಯದಲ್ಲಿದ್ದ, ಒಬ್ಬನಿಗೆ ಹಲ್ಲುನೋವು, ಒಬ್ಬ ಫೋನೇ ಎತ್ತುತ್ತಿಲ್ಲ. ಮೇಜನ್ನು ರದ್ದು ಮಾಡಿಬಿಡಲೇ ಎಂದು ನಾನೇ ಕೇಳಿದೆ. ಅವಳು ಕೆಟ್ಟ ಸುದ್ದಿ ಹೇಳುವ ಮೊದಲು ನಾನೇ ಹೇಳಿಬಿಟ್ಟರೆ ಕಡಿಮೆ ನೋವು ಎಂಬ ಲೆಕ್ಕಾಚಾರ. ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಶಬ್ದ.

"ರದ್ದು ಗಿದ್ದು ಮಾಡ್ಬೇಡಿ," ಎಂದಳು. "ನನ್ನ ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆ. ಯಜಮಾನ್ರನ್ನ ಈ ಕುರ್ಚಿ ಮೇಲೆ ಕೂರಿಸಿ ನಾನೇ ಬರ್ತೀನಿ."

ಆರ್ವಿಲ್ ಹೌಗೆನನನ್ನು ಆ ಕುರ್ಚಿಯಲ್ಲಿ ಹೇಗೆ ಕೂರಿಸಿದಳೋ ನನಗೆ ತಿಳಿಯದು. ಅವನು ಬೆಳಗ್ಗೆ ಹತ್ತರೊಳಗೆ ಆಫೀಸಿಗೆ ಬಂದವನಲ್ಲ, ಶುಕ್ರವಾರ ಐದರ ಮೇಲೆ ಉಳಿದವನೂ ಅಲ್ಲ. ಆದರೆ ನಿಯಮ ಮಾಡಿದವನು ಅವನೇ, ಕೊನೆಯ ಲಾರಿ ಬರುವವರೆಗೆ ಕುರ್ಚಿ ಖಾಲಿ ಇರಕೂಡದು. ಅವಳು ಅವನ ಮಾತನ್ನು ಅವನಿಗೇ ಒಪ್ಪಿಸಿ ಹೊರಟಿರಬೇಕು. ಸ್ವಲ್ಪ ಹೊತ್ತಿಗೆ ಅವನು ನನಗೆ ಫೋನ್ ಮಾಡಿ, ಕಾಫಿ ಯಂತ್ರಕ್ಕೆ ನೀರು ಎಲ್ಲಿಂದ ಹಾಕಬೇಕು ಎಂದು ಕೇಳಿದ.

ಅವಳು ಬಂದದ್ದು ಆರೂ ಕಾಲು ದಾಟಿದ ಮೇಲೆ, ತನ್ನ ಹಳೆಯ ಕಾರಿನಲ್ಲಿ. ನಾನು ಕಿಟಕಿಯಿಂದ ನೋಡಿದೆ. ಮೂರು ತಿಂಗಳಲ್ಲಿ ಮೊದಲ ಸಲ ಪೂರ್ತಿ ಅರ್ಡಿಸ್. ನಾನು ಎಣಿಸಿದ್ದಕ್ಕಿಂತ ಎತ್ತರವಾಗಿದ್ದಳು. ನಡೆಯುವಾಗ ಒಂದು ಕಾಲನ್ನು ಸ್ವಲ್ಪ ತಡೆದು ಇಡುತ್ತಿದ್ದಳು. ಊಟಕ್ಕೆಂದು ಹಸಿರು ರೇಷ್ಮೆಯ ಅಂಗಿ ತೊಟ್ಟಿದ್ದಳು, ಲಾರಿಗೆಂದು ದಪ್ಪ ಬೂಟು ಹಾಕಿದ್ದಳು. ನಾನೋ, ಬೆಳಗಿನ ಎರಡು ಗಂಟೆಯಿಂದ ತೊಟ್ಟ ಬಟ್ಟೆಯಲ್ಲೇ ಇದ್ದೆ. ಒಳ್ಳೆಯ ಅಂಗಿ ಅಂಗಳದಲ್ಲಿ ನನ್ನ ಕಾರಿನೊಳಗೆ ಇಸ್ತ್ರಿಯಾಗಿ ತೂಗುತ್ತಿತ್ತು.

ಬಾಗಿಲು ತೆಗೆದು ಒಳಗೆ ಬಂದು ಅವಳು ಬರ್ನೀಸಳಿಗೆ ನಮಸ್ಕಾರ ಹೇಳಿದಳು. ನನ್ನ ಮುಂದೆ ಕೈ ಚಾಚಿದಳು, ಕೀಲಿಕೈಗೆ. ಈಗ ಹೊರಟರೆ ಏಳೂ ಕಾಲಿಗೆ ಅಂಗಳ, ಅಲ್ಲಿಂದ ಕೆರೆಗೆ ಐದು ನಿಮಿಷ. ನಾನು ಅವಳ ಕಾರು ತರಬೇಕು, ಅವಳು ಲಾರಿ ತರುತ್ತಾಳೆ. ಪೈ ಈಗ ಬೇಡ, ಕೆರೆಯ ಹತ್ತಿರ ಕೊಡಿಸಿದರಾಯಿತು. ಎಲ್ಲ ಎಷ್ಟು ಸರಿಯಾಗಿ ಹೊಂದಿಕೊಂಡಿತ್ತೆಂದರೆ ನನಗೆ ಅನುಮಾನ ಶುರುವಾಯಿತು.

ಕೀಲಿಕೈ ಜೇಬಿನಿಂದ ತೆಗೆಯುವಷ್ಟರಲ್ಲಿ ಆ ಅನುಮಾನಕ್ಕೆ ಆಕಾರ ಬಂತು. ನನ್ನ ಲಾರಿಗೆ ಕೀಲಿಕೈ ಕೊಡುವಾಗ ಬೆಳಗ್ಗೆ ಕಿಟಕಿಯಲ್ಲಿದ್ದದ್ದು ರಾತ್ರಿ ಪಾಳಿಯವನು. ಅವಳು ಮೇಜಿಗೆ ಬಂದದ್ದು ಬೆಳಗಿನ ಜಾವ ನಾಲ್ಕಕ್ಕೆ, ಅದು ನನಗೆ ಗೊತ್ತಿತ್ತು, ಯಾಕೆಂದರೆ ದಿನವೂ ಅವಳು ಬಂದ ಮೇಲೆಯೇ ನಾನು ದಾರಿಯಿಂದ ಮೊದಲ ಫೋನ್ ಮಾಡುವುದು. ಸಂಜೆ ತರಗತಿಯಲ್ಲಿ ಮೇಷ್ಟ್ರು ಇದನ್ನು ಎರಡು ಸಲ ಹೇಳಿದ್ದರು. ಕಂಪನಿಗಾಗಿ ಮಾಡಿದ ಯಾವ ಕೆಲಸವೂ ಕೆಲಸವೇ. ಗುಡಿಸಿದರೂ ಸರಿ, ಬರೆದರೂ ಸರಿ, ಫೋನಿಗೆ ಉತ್ತರಿಸಿದರೂ ಸರಿ, ಹದಿನಾಲ್ಕು ಗಂಟೆ ಅಲ್ಲಿಂದಲೇ ಶುರು. ಅವಳ ಗಂಟೆ ಆರಕ್ಕೇ ಮುಗಿದಿತ್ತು.

ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಲಾರಿಯ ಯಂತ್ರಕ್ಕೆ ಮೇಜಿನ ವಿಷಯ ಗೊತ್ತಿಲ್ಲ. ಅದರ ಪ್ರಕಾರ ಅವಳು ಮೂರು ತಿಂಗಳಿಂದ ವಿಶ್ರಾಂತಿಯಲ್ಲಿರುವವಳು. ಹೇಳಿದರೆ ಕೆರೆಯ ಮೇಜು ಹೋಯಿತು, ಇದೊಂದೇ ಶುಕ್ರವಾರ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಹಸಿರು ರೇಷ್ಮೆಯ ಅಂಗಿ ತೊಟ್ಟು ಮಂಡಿನೋವಿನಲ್ಲಿ ಇಷ್ಟು ದೂರ ಬಂದ ಹೆಂಗಸಿಗೆ ನಿಯಮ ಒಪ್ಪಿಸುವ ಗಂಡಸನ್ನು ಅವಳು ಎರಡನೆಯ ಸಲ ನೋಡಬಯಸುವಳೇ? ಆದರೆ ದಾರಿಯಲ್ಲಿ ಏನಾದರೂ ಆದರೆ, ಯಾರಾದರೂ ನಿಲ್ಲಿಸಿ ಕೇಳಿದರೆ, ಲೈಸೆನ್ಸ್ ಅವಳದು. ಹದಿನಾಲ್ಕು ಗಂಟೆ ದುಡಿದು ದಣಿದ ಕಣ್ಣೂ ಅವಳದೇ.

ಕ್ಲೀಟಸ್ ನನ್ನನ್ನು ನೋಡುತ್ತಿದ್ದ. ಅವನಿಗೂ ಹೊಳೆದಿತ್ತೆಂದು ಕಾಣುತ್ತದೆ. ಮೇಜಿನ ಕೆಳಗೆ ನನ್ನ ಮೊಳಕಾಲಿಗೆ ಒದ್ದು, ಮೀನು ಕಚ್ಚಿದ ಬಾಯಲ್ಲೇ ಪಿಸುಗುಟ್ಟಿದ.

"ನಿನ್ನ ದಮ್ಮಯ್ಯ, ಇದೊಂದ್ ಸಲ ಬಾಯಿ ಮುಚ್ಕೊಂಡಿರೋ."

"ಅರ್ಡಿಸ್," ಎಂದೆ ನಾನು. "ಇವತ್ತು ಮೇಜಿಗೆ ಕೂತಿದ್ದು ನಾಲ್ಕಕ್ಕೇ ಅಲ್ವಾ?"

"ಹೌದು. ಯಾಕೆ?"

"ಮೇಜಿನ ಕೆಲಸಾನೂ ಲೆಕ್ಕಕ್ಕೆ ಬರುತ್ತೆ."

ಕ್ಲೀಟಸ್ ಫೋರ್ಕ್ ಕೆಳಗಿಟ್ಟು ಹಣೆ ಹಿಡಿದುಕೊಂಡ. ಅರ್ಡಿಸ್ ಚಾಚಿದ ಕೈ ಹಾಗೇ ಇತ್ತು. ಅವಳು ಅದನ್ನೇ ನೋಡುತ್ತಾ, ಇನ್ನೊಂದು ಕೈಯಿಂದ ಬೆರಳು ಮಡಚುತ್ತಾ ಎಣಿಸಿದಳು. ಐದು, ಆರು, ಏಳು ಎಂದು ತುಟಿ ಅಲ್ಲಾಡಿತು. ಮಧ್ಯಾಹ್ನ ದಾಟಿ, ಸಂಜೆಗೆ ಬಂದು ನಿಂತಳು. ಮತ್ತೆ ಮೊದಲಿನಿಂದ ಎಣಿಸಿದಳು. ನಾನು ಇನ್ನೂ ಏನೇನೋ ಹೇಳತೊಡಗಿದೆ. ನನ್ನ ಓದು ತಪ್ಪಿರಬಹುದು, ಪುಸ್ತಕ ಹಳೆಯದಿರಬಹುದು, ತಮಗೆ ತೊಂದರೆಯಾಗಬಾರದೆಂದು ಅಷ್ಟೇ ಎಂದೆ. ಪುಸ್ತಕ ಹಳೆಯದಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅವಳು ನನ್ನ ಎದುರಿನ ಕುರ್ಚಿ ಎಳೆದು ಕುಳಿತಳು. ಮಂಡಿ ನೀವಿಕೊಂಡಳು.

"ದಿನಾ ಏಳು ಜನರ ಗಂಟೆ ಎಣಿಸ್ತೀನಿ," ಎಂದಳು. "ನನ್ನ ಗಂಟೇನೂ ಒಬ್ರು ಎಣಿಸ್ತಾರೆ ಅಂತ ಗೊತ್ತಿರ್ಲಿಲ್ಲ."

ಇದು ಹೊಗಳಿಕೆಯೋ ಬೈಗುಳವೋ ತಿಳಿಯದೆ ನಾನು ಉಪ್ಪಿನ ಡಬ್ಬಿಯನ್ನು ಸರಿಸಿಟ್ಟೆ. ಬರ್ನೀಸ್ ಬಂದು ನಿಂತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. ಹಾಗಾದರೆ ಈಗ ಮೂವರೋ ಎಂದು ಕೇಳಿದಳು. ನಾನು ಹೌದೆಂದೆ. ಬಂದವರೆಲ್ಲ ಇಲ್ಲೇ ಕೆಟ್ಟು ನಿಲ್ಲುವುದಾದರೆ ಫಲಕ ಬದಲಿಸಬೇಕು ಎಂದು ಗೊಣಗಿ, ಎರಡು ತಟ್ಟೆಗಾಗುವಷ್ಟು ಮೀನು ಮಾತ್ರ ಉಳಿದಿದೆ, ಬೇಕಾದರೆ ಈಗಲೇ ಹೇಳಿ ಎಂದಳು. ಕ್ಲೀಟಸ್ ಇನ್ನೊಂದು ತಟ್ಟೆಗೆ ಕೈ ಎತ್ತಿದ. ಬರ್ನೀಸ್ ಅವನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.

ಅರ್ಡಿಸ್ ಕೆರೆಯ ಹೋಟೆಲಿಗೆ ತಾನೇ ಫೋನ್ ಮಾಡಿ ಮೇಜು ಬಿಟ್ಟುಕೊಟ್ಟಳು. ಆಮೇಲೆ ಆಫೀಸಿಗೆ ಮಾಡಿದಳು. ಯಜಮಾನನ ದನಿ ನನಗೂ ಕೇಳಿಸುತ್ತಿತ್ತು, ಕ್ಲೀಟಸ್‌ಗೂ, ಬಹುಶಃ ಅಡುಗೆಮನೆಗೂ. ಅವನು ಬಹಳ ಹೊತ್ತು ಮಾತಾಡಿದ. ಅವನಿಗೆ ಉಸಿರು ಮುಗಿದಾಗ, ಈ ಕಂಪನಿಯಲ್ಲಿ ಈಗ ಗಂಟೆ ಉಳಿದಿರುವ ಲೈಸೆನ್ಸು ಒಂದೇ, ಅದು ತಮ್ಮದು ಎಂದು ವಿನಯವಾಗಿ ತಿಳಿಸಿದಳು. ಅವನು ಲಾರಿ ಹತ್ತಿ ನಾಲ್ಕು ವರ್ಷವಾಗಿತ್ತು.

ಮೀನು ಬಂತು. ಹೊರಗೆ ಗರಿಗರಿ, ಒಳಗೆ ಬಿಳಿ ಪದರು. ಜೊತೆಗೆ ಆಲೂಗಡ್ಡೆ ದೋಸೆ, ಸೇಬಿನ ಗೊಜ್ಜು, ಎಲೆಕೋಸಿನ ಕೋಸಂಬರಿ, ಕಪ್ಪು ರೈ ಬ್ರೆಡ್ಡು. ಅರ್ಡಿಸ್ ಹಸಿದಿದ್ದಳು. ಮೊದಲ ತುಂಡನ್ನು ಕೈಯಲ್ಲೇ ತೆಗೆದುಕೊಂಡು ತಿಂದಳು. ನಾನು ಅಭ್ಯಾಸ ಮಾಡಿಕೊಂಡಿದ್ದ ಮಾತುಗಳಲ್ಲಿ ಕೆರೆ, ಸೂರ್ಯಾಸ್ತ, ದೋಣಿ ಇವೇ ಇದ್ದವು. ಇಲ್ಲಿ ಕಿಟಕಿಯಾಚೆ ಇದ್ದದ್ದು ನನ್ನ ಲಾರಿ. ಹಾಗಾಗಿ ಹಿಂದಿನ ಎಡಗಡೆಯ ಟೈರು ಸ್ವಲ್ಪ ಸವೆದಿದೆಯೇನೋ ಎಂದೆ. ಅವಳು ತಲೆ ತಿರುಗಿಸಿ ನೋಡಿ, ಸೋಮವಾರ ಬದಲಿಸೋಣ ಎಂದಳು. ಸೋಮವಾರ ಎಂದ ಕೂಡಲೇ ಇಬ್ಬರಿಗೂ ರಾತ್ರಿ ಪಾಳಿ ನೆನಪಾಯಿತು. ನಾನು ತಟ್ಟೆ ನೋಡಿದೆ.

"ನಿಮ್ಮ ದಿನ ಮುಗಿಯೋದು ನಾಲ್ಕಕ್ಕೆ," ಎಂದಳು ಅವಳು, ಲಾರಿಗಳನ್ನು ಹೊಂದಿಸುವ ಅದೇ ದನಿಯಲ್ಲಿ. "ರಾತ್ರಿ ಪಾಳಿಯವಳು ಹಗಲು ಮಲಗಿ ಏಳೋದೂ ಆ ಹೊತ್ತಿಗೇ. ನಿಮ್ಮ ರಾತ್ರಿಯೂಟ, ನನ್ನ ಬೆಳಗಿನ ತಿಂಡಿ. ಒಂದೇ ಮೇಜಲ್ಲಿ ಆಗಲ್ವಾ?"

ಮಂಗಳವಾರದಿಂದ ನಾಲ್ಕು ದಿನ ನಾನು ಈ ಲೆಕ್ಕ ಮಾಡುತ್ತಿದ್ದೆ. ನನಗೆ ಇದು ಹೊಳೆದೇ ಇರಲಿಲ್ಲ. ಆಗುತ್ತೆ ಎಂದೆ. ನನ್ನ ದನಿ ಎತ್ತಲೋ ಹೋಗಿ ಬಂತು. ಪಕ್ಕದ ಮೇಜಿಗೆ ಸ್ಥಳಾಂತರಗೊಂಡಿದ್ದ ಕ್ಲೀಟಸ್, ಆ ತಿಂಡಿಗೆ ತನ್ನ ಅತ್ತೆಯನ್ನೂ ಕರೆದರೆ ಉಪಕಾರವಾಗುತ್ತದೆ ಎಂದ.

ಯಜಮಾನ ಬಂದಾಗ ಇನ್ನೂ ಬೆಳಕಿತ್ತು. ಹೆಂಡತಿ ಅವನನ್ನು ಬಾಗಿಲಲ್ಲಿ ಇಳಿಸಿ, ಇಸ್ಪೀಟಿಗೆ ತಡವಾಯಿತೆಂದು ಕಾರು ತಿರುಗಿಸಿಕೊಂಡು ಹೋದಳು. ಆರ್ವಿಲ್ ಹೌಗೆನ್ ಒಳಗೆ ಬಂದು ನಮ್ಮ ಮೂವರನ್ನೂ ಬರಿದಾದ ತಟ್ಟೆಗಳನ್ನೂ ನೋಡಿದ. ಮಾತಾಡಲು ಬಾಯಿ ತೆರೆಯುವ ಮೊದಲೇ ಬರ್ನೀಸ್ ಅವನ ಮುಂದೆ ಮೂರು ತುಂಡು ಪೈ ಇಟ್ಟಳು. ರುಬಾರ್ಬಿನದು ಒಂದು, ಚೆರ್ರಿಯದು ಒಂದು, ಹುಳಿ ಕೆನೆಯದು ಒಂದು. ಸಿಕ್ಕಿಕೊಂಡವರು ಮೂವರಾದ್ದರಿಂದ ಮೂರು. ಅವನಿಗೆ ನಮ್ಮ ಕ್ರಮ ಗೊತ್ತಿತ್ತು. ಅವನೂ ಹಿಂದೆ ಸಿಕ್ಕಿಕೊಂಡವನೇ. ಬೈಗುಳವನ್ನು ಮುಂದಕ್ಕೆ ಹಾಕಿ ಕುಳಿತ.

ಅವನು ತಿನ್ನುವಾಗ ನಾನು, ಕ್ಷಮಿಸಿ, ಇಂದು ಆಫೀಸಿಗೆ ಬಂದದ್ದು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಹತ್ತೂವರೆಗೆ ಎಂದ. ಲಾರಿ ಓಡಿಸಲು ಬೇಕಾದ ವೈದ್ಯರ ಕಾರ್ಡು ಇನ್ನೂ ನಡೆಯುತ್ತಿದೆಯೇ ಎಂದು ಕೇಳಿದೆ. ಅವನು ಜೇಬಿನಿಂದ ತೆಗೆದು ಮೇಜಿನ ಮೇಲೆ ಎಸೆದ. ನಾನು ತಾರೀಖು ಓದಿ ಹಿಂತಿರುಗಿಸಿದೆ.

"ಈ ಮನು‍ಷ್ಯನ ಜೊತೆ ಊಟಕ್ಕೆ ಬಂದ್ಯಾ ನೀನು?" ಎಂದು ಅವನು ಅರ್ಡಿಸ್‌ಳನ್ನು ಕೇಳಿದ.

"ಬಂದೆ," ಎಂದಳು ಅರ್ಡಿಸ್. "ಅದಿರ್ಲಿ ಯಜಮಾನ್ರೇ, ಕೊನೇ ಲಾರಿ ಬರೋ ಮೊದ್ಲೇ ಆಫೀಸಿಗೆ ಬೀಗ ಹಾಕಿದ್ಯಾರು?"

ಅವನು ಮೂರನೆಯ ಪೈಗೆ ಕೈ ಹಾಕಿದ.

ಲಾರಿ ಹತ್ತುವಾಗ ಅವನ ಮೊಣಕಾಲು ಶಬ್ದ ಮಾಡಿತು. ಸೀಟು ಮುಂದೆ ಎಳೆದ, ಕನ್ನಡಿಗಳನ್ನು ತಿರುಗಿಸಿದ, ಬೇಕಿಲ್ಲದಿದ್ದರೂ ಒಮ್ಮೆ ಹಾರ್ನ್ ಬಾರಿಸಿದ. ಬರ್ನೀಸ್ ಬಾಗಿಲಲ್ಲಿ ನಿಂತು ತನ್ನ ಫಲಕದ ಕೆಳಗಿನ ಜಾಗ ಖಾಲಿಯಾಗುವುದನ್ನು ಕಣ್ಣಾರೆ ನೋಡಿದಳು. ಬಯಲಿನಿಂದ ರಸ್ತೆಗೆ ಬರುವಾಗ ಆರ್ವಿಲ್‌ನ ಮುಖ ನನಗೆ ಕಂಡಿತು. ಬೈಯಲು ಬಂದ ಮನುಷ್ಯನ ಮುಖ ಹಾಗೆ ಅರಳಿರುವುದಿಲ್ಲ.

ಕ್ಲೀಟಸ್ ಪಿಕಪ್ ಹತ್ತಿ ಹೊರಟ. ನಾನು ಅರ್ಡಿಸ್‌ಳ ಕಾರಿನಲ್ಲಿ ಅವಳ ಪಕ್ಕದಲ್ಲಿ ಕುಳಿತೆ. ಸಂಜೆಯ ಬಿಸಿಲು ಜೋಳದ ಎಳೆಯ ಸಾಲುಗಳ ಮೇಲೆ ಅಡ್ಡವಾಗಿ ಬಿದ್ದಿತ್ತು. ನಮ್ಮ ಮುಂದೆ ಯಜಮಾನ, ಎತ್ತಿನ ಗಾಡಿಯ ವೇಗದಲ್ಲಿ, ಪ್ರತಿ ತಿರುವಿಗೂ ಬಹಳ ಮೊದಲೇ ದೀಪ ಮಿನುಗಿಸುತ್ತಾ. ಕ್ಲೀಟಸ್‌ಗೆ ತಡೆಯಲಾಗಲಿಲ್ಲ, ಎರಡು ಮೈಲಿಯಲ್ಲೇ ಲಾರಿಯನ್ನು ದಾಟಿ ಮರೆಯಾದ. ಬಹುಶಃ ಮನೆಯವರೆಗೆ ಹೋಗಿ, ಅಡುಗೆಯ ವಾಸನೆ ನೋಡಿ, ಇನ್ನೊಂದು ಸುತ್ತು ಹೊಡೆದಿರಬೇಕು.

ಎದುರಿಗೆ ರಸ್ತೆ ನೇರವಾಗಿ ಖಾಲಿಯಾಗಿತ್ತು. ದಾಟಲು ಅಡ್ಡಿಯೇನೂ ಇರಲಿಲ್ಲ. ಅರ್ಡಿಸ್ ಒಮ್ಮೆ ಹೊರಗಿನ ಕನ್ನಡಿ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಲಾರಿಯ ಹಿಂದಿನ ಎಡಗಡೆಯ ಟೈರು ತೋರಿಸಿ, ನೀವು ಹೇಳಿದ್ದು ನಿಜ, ಸವೆದಿದೆ ಎಂದಳು. ಅದು ಉರುಳುವುದನ್ನೇ ನೋಡುತ್ತಾ ನಾವು ಊರು ಸೇರುವವರೆಗೆ ಅದರ ಹಿಂದೆಯೇ ಹೋದೆವು.